ಚೆಂಡೆಸೆಯುವವನ ವನವಾಸ



ಆಟಗಾರರ ಕೀರ್ತಿಯ ಕಥೆಗಳು ನಮಗೆಲ್ಲ ಪರಿಚಿತವಾದುವೇ. ಎಳೆಯ ವಯಸ್ಸಿನಲ್ಲಿ ಮಿಂಚುವುದು, ಇಪ್ಪತ್ತೈದು ತುಂಬುವುದರೊಳಗಾಗಿ ಲೋಕದ ಬಾಯಲ್ಲಿ ನಿಲ್ಲುವುದು, ಮೂವತ್ತೈದರ ಸುಮಾರಿಗೆ ಹಾರ ತುರಾಯಿಗಳೊಡನೆ ಬೀಳ್ಕೊಳ್ಳುವುದು, ಇದು ಅಂತಹ ಕಥೆಗಳ ವಾಡಿಕೆಯ ಕ್ರಮ. ಈ ಹೊತ್ತು ನಾವು ಹೇಳಲಿರುವುದು ಆ ಕ್ರಮವು ತಲೆಕೆಳಗಾದ ಒಬ್ಬ ಆಟಗಾರನ ಸಂಗತಿ. ಆತನು ಅಮೆರಿಕದವನು; ಹೆಸರು ರಾಬರ್ಟ್ ಆಲನ್ ಡಿಕಿ; ಆಡಿದುದು ಬೇಸ್‌ಬಾಲ್. ಆ ದೇಶದ ಅತ್ಯುನ್ನತ ಪಂದ್ಯಗಳಲ್ಲಿ ಆತನ ಹೆಸರಿಗೆ ಸಂದ ಗೆಲವುಗಳು ಒಟ್ಟು 120. ಅವುಗಳಲ್ಲಿ 98 ಗೆಲವುಗಳು ಆತನಿಗೆ ಮೂವತ್ತೈದು ವರ್ಷ ತುಂಬಿದ ಮೇಲೆ ಬಂದುವು. ಅದಕ್ಕೆ ಮುಂಚಿನ ಹದಿನಾಲ್ಕು ವರ್ಷಗಳನ್ನು ಆತನು ಹೇಗೆ ಕಳೆದನು, ಆ ಅಜ್ಞಾತದಿಂದ ಹೇಗೆ ಹೊರಬಂದನು ಎಂಬುದೇ ನಮ್ಮ ಇಂದಿನ ವಿಷಯ.

ಬೇಸ್‌ಬಾಲ್ ನಮ್ಮ ಊರುಗಳಲ್ಲಿ ಬಳಕೆಯಾದ ಆಟವಲ್ಲ. ಆದರೆ ಕ್ರಿಕೆಟ್ಟನ್ನು ಬಲ್ಲವರಿಗೆ ಅದನ್ನು ತಿಳಿಸಿಕೊಡುವುದು ಕಷ್ಟವೂ ಅಲ್ಲ. ಕ್ರಿಕೆಟ್ಟಿನಲ್ಲಿ ಚೆಂಡನ್ನು ಹಾಕುವವನು ಓಡಿಬಂದು, ತೋಳನ್ನು ನೀಡಿ, ಚೆಂಡು ನೆಲಕ್ಕೆ ಬಡಿದು ಏಳುವಂತೆ ಹಾಕುತ್ತಾನೆ. ಬೇಸ್‌ಬಾಲಿನಲ್ಲಿ ಓಟವಿಲ್ಲ, ಮಣ್ಣಿನ ಒಂದು ಚಿಕ್ಕ ದಿಬ್ಬದ ಮೇಲೆ ನಿಂತು, ಮೊಣಕೈಯನ್ನು ಮಡಿಸಿ ಬೀಸಿ ಎಸೆಯಬೇಕು. ಚೆಂಡು ನೆಲವನ್ನು ಮುಟ್ಟದೆ 60 ಅಡಿ 6 ಅಂಗುಲ ದೂರವನ್ನು ಹಾರಿ, 17 ಅಂಗುಲ ಅಗಲದ ಒಂದು ಫಲಕದ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವಣ ಎತ್ತರದಲ್ಲಿ ಹಾದುಹೋಗಬೇಕು. ಹಾಗೆ ಬಂದ ಚೆಂಡನ್ನು ದಾಂಡಿಗನು ಮೂರು ಸಲ ಬಿಟ್ಟುಕೊಟ್ಟರೆ ಅವನು ಔಟು. ಬೇಲಿಯಾಚೆಗೆ ಹೊಡೆದರೆ ಅದು ಹೋಮ್ ರನ್. ನಮ್ಮ ಸಿಕ್ಸರಿಗೆ ಹೋಲಿಸಬಹುದಾದುದು, ಆದರೆ ಅದಕ್ಕಿಂತ ಬೆಲೆಯುಳ್ಳದ್ದು. ಎಸೆಯುವವನಿಗೆ ಅಲ್ಲಿ ಪಿಚ್ಚರ್ ಎಂದು ಹೆಸರು. ಇಡೀ ಪಂದ್ಯದ ಭಾರವು ಆತನ ಒಂದು ತೋಳಿನ ಮೇಲೆ ನಿಂತಿರುತ್ತದೆಂದರೆ ಅತಿಶಯೋಕ್ತಿಯಾಗದು. ವೇಗದ ಪಿಚ್ಚರನು ಗಂಟೆಗೆ ತೊಂಬತ್ತು ಮೈಲಿಗೂ ಮೀರಿದ ವೇಗದಲ್ಲಿ ಎಸೆದ ಚೆಂಡು ಅರ್ಧ ಸೆಕೆಂಡು ಕಳೆಯುವ ಮೊದಲೇ ದಾಂಡಿಗನನ್ನು ಮುಟ್ಟುತ್ತದೆ.

ಈ ಆಟದ ಶಿಖರಕ್ಕೆ ಮೇಜರ್ ಲೀಗು ಎಂದು ಹೆಸರು. ಅಲ್ಲಿರುವುದು ಮೂವತ್ತು ತಂಡಗಳು. ಅವುಗಳ ಕೆಳಗೆ, ಮೆಟ್ಟಿಲು ಮೆಟ್ಟಿಲಾಗಿ, ಮೈನರ್ ಲೀಗಿನ ತಂಡಗಳು. 2021ರಿಂದ ಅವುಗಳ ಸಂಖ್ಯೆಯನ್ನು 120ಕ್ಕೆ ನಿಲ್ಲಿಸಲಾಗಿದೆ. ಡಿಕಿಯ ಕಾಲದಲ್ಲಿ ಅದಕ್ಕಿಂತ ಹೆಚ್ಚಾಗಿದ್ದುವು. ಪಾಠಶಾಲೆಯ ತರಗತಿಗಳಂತೆ ಇವಕ್ಕೂ ಅಂತಸ್ತುಗಳುಂಟು. ಆದರೆ ಪಾಠಶಾಲೆಯಲ್ಲಿ ತೇರ್ಗಡೆಯಾದವನನ್ನು ಹಿಂದಿನ ತರಗತಿಗೆ ಕಳುಹಿಸುವುದಿಲ್ಲ. ಇಲ್ಲಿ ಹಾಗಲ್ಲ. ನಿನ್ನೆ ಮೇಲಕ್ಕೆ ಹೋದವನಿಗೆ ಇಂದು ಕೆಳಗಿಳಿಯಲು ಅಪ್ಪಣೆಯಾಗಬಹುದು. ರಾತ್ರಿಯೆಲ್ಲ ಬಸ್ಸಿನ ಪ್ರಯಾಣ, ಚಿಕ್ಕ ಊರುಗಳ ಅಗ್ಗದ ವಸತಿ, ಋತುವಿಗೊಂದು ಬಾಡಿಗೆ ಮನೆ, ಇದು ಡಿಕಿಯ ಕಾಲದಲ್ಲಿ ಅಲ್ಲಿಯ ಬಾಳಾಗಿತ್ತು. ಶಿಖರದ ಕೆಳಗಣ ಮೊದಲನೆಯ ಮೆಟ್ಟಿಲಿನಲ್ಲಿಯೂ 2022ರಲ್ಲಿ ವರ್ಷದ ಕನಿಷ್ಠ ವೇತನ 17,500 ಡಾಲರುಗಳಷ್ಟೇ ಇತ್ತು. 2023ರಲ್ಲಿ ಆಟಗಾರರ ಸಂಘವು ಮಾಡಿಕೊಂಡ ಮೊದಲ ಒಪ್ಪಂದದಿಂದ ಅದು 35,800ಕ್ಕೆ ಏರಿತು. ಒಂದು ಸಂಸಾರವನ್ನು ಹೂಡಿದವನಿಗೆ ಆ ಹಳೆಯ ಸಂಬಳವು ಎಷ್ಟರ ಮಟ್ಟಿಗೆ ಸಾಕಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಡಿಕಿ ಹುಟ್ಟಿದುದು 1974ರಲ್ಲಿ, ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿ. ಟೆನೆಸೀ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಓದುತ್ತಿದ್ದಾಗಲೇ ವೇಗದ ಪಿಚ್ಚರನೆಂದು ಹೆಸರಾಗಿದ್ದನು. 1996ರ ಬೇಸಗೆಯಲ್ಲಿ, ಎಳೆಯ ಆಟಗಾರರನ್ನು ಮೇಜರ್ ಲೀಗಿನ ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಟೆಕ್ಸಸ್ ರೇಂಜರ್ಸ್ ತಂಡದವರು ಆತನನ್ನು ದೇಶಕ್ಕೆಲ್ಲ ಹದಿನೆಂಟನೆಯವನಾಗಿ ಆರಿಸಿಕೊಂಡರು. ಕರಾರಿಗೆ ಸಹಿ ಹಾಕಿದೊಡನೆ ಕೈಗೆ ಬರಬೇಕಾಗಿದ್ದ ಹಣ 8,10,000 ಡಾಲರುಗಳು. ಅದೇ ಬೇಸಗೆಯಲ್ಲಿ ಅಟ್ಲಾಂಟಾ ಒಲಿಂಪಿಕ್ ಕೂಟದಲ್ಲಿ ಅಮೆರಿಕದ ತಂಡದೊಡನೆ ಆಡಿ ಕಂಚಿನ ಪದಕವನ್ನೂ ಪಡೆದನು. ಇಷ್ಟರವರೆಗೆ ಎಲ್ಲವೂ ವಾಡಿಕೆಯ ಕಥೆಯೇ.

ಕಥೆ ಮುರಿದುದು ಒಂದು ಛಾಯಾಚಿತ್ರದಿಂದ. ಬೇಸ್‌ಬಾಲಿಗೆ ಮೀಸಲಾದ ಒಂದು ಪತ್ರಿಕೆಯ ಮುಖಪುಟದಲ್ಲಿ ಒಲಿಂಪಿಕ್ ತಂಡದ ಪಿಚ್ಚರರೆಲ್ಲರೂ ಸಾಲಾಗಿ ನಿಂತಿದ್ದರು. ಉಳಿದವರ ತೋಳುಗಳು ಸಹಜವಾಗಿ ಇಳಿಬಿದ್ದಿದ್ದುವು. ಡಿಕಿಯ ಬಲದೋಳು ಮಾತ್ರ ಮೊಣಕೈಯಲ್ಲಿ ಸ್ವಲ್ಪ ಬಾಗಿದಂತೆ ತೋರುತ್ತಿತ್ತು. ರೇಂಜರ್ಸ್ ತಂಡದ ದೇಹಾರೋಗ್ಯವನ್ನು ನೋಡಿಕೊಳ್ಳುವವನ ಕಣ್ಣಿಗೆ ಇದು ಬಿದ್ದಿತು. ಪರೀಕ್ಷೆ ನಡೆಯಿತು. ಮೊಣಕೈಯ ಒಳಮಗ್ಗುಲಲ್ಲಿ ಮೇಲಣ ಮೂಳೆಯನ್ನೂ ಕೆಳಗಣ ಮೂಳೆಯನ್ನೂ ಬಿಗಿದು ಹಿಡಿಯುವ ಅಸ್ಥಿಬಂಧವೊಂದುಂಟಷ್ಟೆ. ಪಿಚ್ಚರನ ತೋಳಿಗೆ ಅದೇ ಜೀವಾಳ. ಆತನ ಬಲದೋಳಿನಲ್ಲಿ ಆ ಅಸ್ಥಿಬಂಧವೇ ಇರಲಿಲ್ಲ. ಬಾಗಿಲಿನ ಹಿಡಿಯನ್ನು ತಿರುಗಿಸಿದರೂ ಈತನಿಗೆ ನೋವಾಗಬೇಕಾಗಿತ್ತೆಂದು ವೈದ್ಯರು ಬೆರಗಾದರು. ನೋವು ಎಂದೂ ಆಗಿರಲಿಲ್ಲ. ಆದರೆ ವ್ಯಾಪಾರವು ನೋವಿನ ಲೆಕ್ಕವನ್ನು ನೋಡುವುದಿಲ್ಲ, ಅಪಾಯದ ಲೆಕ್ಕವನ್ನು ನೋಡುತ್ತದೆ. 8,10,000 ಡಾಲರುಗಳ ಮಾತು ಹಿಂದಕ್ಕೆ ಹೋಯಿತು. ಕಡೆಗೆ 75,000 ಡಾಲರುಗಳಿಗೆ ಕರಾರಾಯಿತು. ಇಪ್ಪತ್ತೊಂದು ವರ್ಷದ ತರುಣನು ಅದಕ್ಕೇ ಸಹಿ ಹಾಕಿ ಮೈನರ್ ಲೀಗಿಗೆ ಹೊರಟನು.

ಶ್ರೀರಾಮನ ವನವಾಸಕ್ಕೆ ಹದಿನಾಲ್ಕು ವರ್ಷದ ಅವಧಿ ಮೊದಲೇ ಗೊತ್ತಾಗಿತ್ತು. ಡಿಕಿಗೆ ಅವಧಿಯನ್ನು ಹೇಳಿದವರಿಲ್ಲ. ಮೊದಲು ಫ್ಲಾರಿಡಾದ ಪೋರ್ಟ್ ಷಾರ್ಲೆಟ್, ಬಳಿಕ ಟಲ್ಸಾ, ಬಳಿಕ ಒಕ್ಲಹೋಮ ಸಿಟಿ. 2001ರ ಏಪ್ರಿಲಿನಲ್ಲಿ ಮೇಜರ್ ಲೀಗಿಗೆ ಮೊದಲ ಕರೆ ಬಂದಿತು. ನಾಲ್ಕು ಪಂದ್ಯಗಳಾದ ಮೇಲೆ ಮತ್ತೆ ಕೆಳಕ್ಕೆ. 2003ರಲ್ಲಿಯೂ 2004ರಲ್ಲಿಯೂ ಕೆಲಕಾಲ ಮೇಲೆ ನಿಂತನು; ಆದರೆ ನೆಲೆ ನಿಲ್ಲಲಿಲ್ಲ. ಇಷ್ಟರಲ್ಲಿ ತೋಳಿನ ಬಿರುಸು ಇಳಿಯತೊಡಗಿತ್ತು. ವೇಗವೊಂದನ್ನೇ ನಂಬಿದವನಿಗೆ ವೇಗವು ಕೈಕೊಟ್ಟರೆ ಉಳಿಯುವುದೇನು? 2005ರಲ್ಲಿ ತಂಡದ ವ್ಯವಸ್ಥಾಪಕ ಬಕ್ ಷೋವಾಲ್ಟರನೂ ಪಿಚ್ಚರರ ಶಿಕ್ಷಕ ಒರೆಲ್ ಹರ್ಷೈಸರನೂ ಆತನನ್ನು ಕರೆದು ಸ್ಪಷ್ಟವಾಗಿ ಹೇಳಿದರು. ಈಗಿರುವ ರೀತಿಯಲ್ಲಿ ಮುಂದೆ ದಾರಿಯಿಲ್ಲ. ದಾರಿ ಬೇಕಾದರೆ ನಕ್‌ಲ್‌ಬಾಲನ್ನು ಕಲಿತುಕೊಳ್ಳಬೇಕು. ಆತನಿಗೆ ಆಗ ಮೂವತ್ತು ವರ್ಷ. ಸಂಗೀತದಲ್ಲಿ ಅರ್ಧ ಆಯುಷ್ಯವನ್ನು ಸವೆಸಿದ ಗಾಯಕನಿಗೆ, ನಿನ್ನ ಕಂಠ ಸಾಗದು, ವೀಣೆಯನ್ನು ಹಿಡಿ ಎಂದಂತಾಯಿತು.

ಈ ನಕ್‌ಲ್‌ಬಾಲ್ ಎಂದರೇನು? ಬೆರಳ ಗೆಣ್ಣಿಗೆ ಇಂಗ್ಲಿಷಿನಲ್ಲಿ ನಕ್‌ಲ್ ಎನ್ನುತ್ತಾರೆ. ಮೊದಮೊದಲು ಗೆಣ್ಣುಗಳಿಂದ ಒತ್ತಿಹಿಡಿದು ಎಸೆಯುತ್ತಿದ್ದುದರಿಂದ ಆ ಹೆಸರು. ನಾವು ಇದನ್ನು ಗೆಣ್ಣಿನ ಚೆಂಡೆಂದು ಕರೆಯೋಣ. ಈಗ ಅದನ್ನು ಹಿಡಿಯುವುದು ಬೆರಳ ತುದಿಗಳಿಂದ; ಚೆಂಡಿನ ಹೊಲಿಗೆಯ ಹಿಂಬದಿಗೆ ಉಗುರುಗಳನ್ನು ಊರಿ ಹಿಡಿಯುತ್ತಾರೆ. ವೇಗದ ಚೆಂಡು ಕೈ ಬಿಟ್ಟಾಗಿನಿಂದ ದಾಂಡಿಗನನ್ನು ಮುಟ್ಟುವುದರೊಳಗಾಗಿ ಸುಮಾರು ಹದಿನೈದು ಸಲ ಗಿರ್ರನೆ ತಿರುಗುತ್ತದೆ. ಆ ತಿರುಗುವಿಕೆಯೇ ಅದಕ್ಕೆ ನೇರವಾದ, ಊಹಿಸಬಹುದಾದ ದಾರಿಯನ್ನು ಕೊಡುವುದು. ಗೆಣ್ಣಿನ ಚೆಂಡಾದರೋ ತಿರುಗಲೇಬಾರದು. ಹೆಚ್ಚೆಂದರೆ ದಾರಿಯುದ್ದಕ್ಕೂ ಒಂದು ಸುತ್ತು, ಒಂದೂವರೆ ಸುತ್ತು. ಆಗ ಏನಾಗುತ್ತದೆಂದರೆ, ಚೆಂಡಿನ ಉಬ್ಬಿದ ಹೊಲಿಗೆಯು ಒಂದು ಮಗ್ಗುಲಲ್ಲಿ ಗಾಳಿಯ ಹರಿವನ್ನು ಕದಡುತ್ತದೆ, ನುಣುಪಾದ ಮಗ್ಗುಲಲ್ಲಿ ಗಾಳಿ ಬೇರೊಂದು ಬಗೆಯಾಗಿ ಹರಿಯುತ್ತದೆ. ಈ ಅಸಮತೆಯಿಂದ ಚೆಂಡು ಒಂದು ಕಡೆಗೆ ತಳ್ಳಲ್ಪಡುತ್ತದೆ. ಯಾವ ಕಡೆಗೆ ತಳ್ಳಲ್ಪಡುವುದೆಂಬುದು ದಾಂಡಿಗನಿಗೆ ತಿಳಿಯದು, ಹಿಡಿಯಲು ಕುಳಿತ ಜೊತೆಗಾರನಿಗೆ ತಿಳಿಯದು, ಎಸೆದವನಿಗೂ ತಿಳಿಯದು. ತಪ್ಪಿ ಅದು ಎರಡು ಮೂರು ಸುತ್ತು ಹೆಚ್ಚಾಗಿ ತಿರುಗಿತೆಂದರೆ ಮಾಯೆಯೆಲ್ಲ ಹರಿದುಹೋಗಿ, ಹೊಡೆಯಿರೆಂದು ಕೈಯಲ್ಲಿಟ್ಟಂತೆ ನಿಧಾನವಾಗಿ ದಾಂಡಿಗನ ಮುಂದೆ ಬಂದು ನಿಲ್ಲುತ್ತದೆ.

ಈ ವಿದ್ಯೆಯ ಕಷ್ಟವು ಇಲ್ಲಿಯೇ ಇರುವುದು. ಉಳಿದ ಎಸೆತಗಳಲ್ಲಿ ಬಲವನ್ನು ಕೂಡಿಸಬೇಕು. ಮಣಿಕಟ್ಟಿನ ಮುರಿತ, ಬೆರಳಿನ ಎಳೆತ, ಎಲ್ಲವೂ ಚೆಂಡಿಗೆ ಏನನ್ನಾದರೂ ಸೇರಿಸುವುದಕ್ಕಾಗಿ. ಗೆಣ್ಣಿನ ಚೆಂಡಿನಲ್ಲಿ ಅವೆಲ್ಲವನ್ನೂ ಕಳೆಯಬೇಕು. ಹತ್ತಾರು ವರ್ಷಗಳ ಅಭ್ಯಾಸದಿಂದ ರಕ್ತಗತವಾದ ಬಿರುಸನ್ನು ತೋಳು ಮರೆಯಬೇಕು. ಎಷ್ಟು ಬಲ್ಲೆನೆಂಬ ಹಮ್ಮು ಉಳಿದಿರುತ್ತದೆಯೋ ಅಷ್ಟು ಚೆಂಡು ತಿರುಗುತ್ತದೆ.

2006ರ ಏಪ್ರಿಲ್ 6ರಂದು ಡಿಕಿ ಈ ಹೊಸ ವಿದ್ಯೆಯನ್ನು ಮೇಜರ್ ಲೀಗಿನಲ್ಲಿ ಪರೀಕ್ಷೆಗೊಡ್ಡಿದನು. ಎದುರಾಳಿ ಡೆಟ್ರಾಯಿಟ್ ಟೈಗರ್ಸ್. ನಾಲ್ಕನೆಯ ಇನಿಂಗ್ಸು ಮುಗಿಯುವುದರೊಳಗಾಗಿ ಆರು ಚೆಂಡುಗಳು ಬೇಲಿಯಾಚೆ ಬಿದ್ದಿದ್ದುವು. ಆಧುನಿಕ ಕಾಲದಲ್ಲಿ ಒಬ್ಬ ಪಿಚ್ಚರನು ಒಂದು ಪಂದ್ಯದಲ್ಲಿ ಕೊಟ್ಟ ಹೋಮ್ ರನ್ನುಗಳಲ್ಲಿ ಅದಕ್ಕಿಂತ ಹೆಚ್ಚಿನದು ದಾಖಲೆಯಲ್ಲಿರಲಿಲ್ಲ. ಆತನನ್ನು ಒಡನೆಯೇ ಒಕ್ಲಹೋಮಕ್ಕೆ ಕಳುಹಿಸಿದರು. ಆ ವರ್ಷ ಮರಳಿ ಕರೆಯಲಿಲ್ಲ.

ಮರುವರ್ಷ ಆತನು ಬೇರೊಂದು ತಂಡದ ಕೈಕೆಳಗೆ, ತನ್ನ ಹುಟ್ಟೂರಾದ ನ್ಯಾಶ್‌ವಿಲ್ಲಿನ ಮೈನರ್ ಲೀಗು ತಂಡದಲ್ಲಿ ಆಡುತ್ತಿದ್ದನು. 2007ರ ಜೂನ್ ತಿಂಗಳಿನಲ್ಲಿ ತಂಡವು ಒಮಾಹ ನಗರಕ್ಕೆ ಹೋಗಿತ್ತು. ಅವರು ಇಳಿದಿದ್ದ ವಸತಿಗೃಹದ ಪಕ್ಕದಲ್ಲೇ ಮಿಸ್ಸೂರಿ ನದಿ. ಕೆಂಪು ನೀರು, ದೊಡ್ಡ ಪಾತ್ರ, ಮೇಲಕ್ಕೆ ಕಾಣದ ಸೆಳವು. ಆ ನದಿಯನ್ನು ಈಜಿ ದಾಟುವೆನೆಂದು ಮೂವತ್ತೆರಡು ವರ್ಷದ ಡಿಕಿ ಜೊತೆಗಾರರ ಮುಂದೆ ಹಟ ಹಿಡಿದನು. ವೃತ್ತಿಯಲ್ಲಿ ಸೋಲಿನ ಮೇಲೆ ಸೋಲುಂಡವನಿಗೆ ಎಲ್ಲಿಯಾದರೂ ಒಂದು ಕಡೆ ಗೆದ್ದು ತೋರಿಸಬೇಕೆಂಬ ಕುರುಡು ಆವೇಶವು ಹುಟ್ಟಿದ್ದರೆ ಆಶ್ಚರ್ಯವಿಲ್ಲ. ನಡುನೀರಿನಲ್ಲಿ ಸೆಳವು ಹಿಡಿಯಿತು. ದಾಟುವ ಆಸೆಯನ್ನು ಬಿಟ್ಟು ಹಿಂದಿರುಗಲು ಹೆಣಗಿದನು. ಅದೂ ಆಗದೆ ಮುಳುಗತೊಡಗಿದನು. ಹೇಗೋ ದಡದ ಹತ್ತಿರಕ್ಕೆ ಬಂದಾಗ ಜೊತೆಗಾರನೊಬ್ಬನು ಕೈ ನೀಡಿ ಮೇಲಕ್ಕೆಳೆದನು. ಮನೆಯಲ್ಲಿ ಮಡದಿ ಮಕ್ಕಳಿದ್ದರು.

ಅಂದಿನಿಂದ ತನ್ನ ಬಾಳಿನ ದಿಕ್ಕು ಬದಲಾಯಿತೆಂದು ಆತನೇ ಬಳಿಕ ಬರೆದುಕೊಂಡಿದ್ದಾನೆ. ಪವಾಡವೆಂದು ನಾವು ಹೇಳಲಾರೆವು. ಆದರೆ ಅಂಕೆಗಳು ಸುಳ್ಳಾಡುವುದಿಲ್ಲ. ಅದೇ ಋತುವಿನಲ್ಲಿ ಆತನು 13 ಪಂದ್ಯಗಳನ್ನು ಗೆದ್ದು, ಆ ಲೀಗಿನ ಶ್ರೇಷ್ಠ ಪಿಚ್ಚರನೆಂಬ ಮನ್ನಣೆಯನ್ನು ಪಡೆದನು. ಸೆಳವಿನೊಡನೆ ಹೋರಾಡಿದವನು ಮುಳುಗುತ್ತಾನೆಂಬ ಪಾಠವನ್ನು ತೋಳು ಕಲಿಯತೊಡಗಿತ್ತೆಂದು ತೋರುತ್ತದೆ.

ಈ ಕಲಿಕೆಯಲ್ಲಿ ಒಂದು ಸಂಗತಿ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. ಗೆಣ್ಣಿನ ಚೆಂಡನ್ನು ಎಸೆಯಬಲ್ಲವರು ಯಾವ ಕಾಲದಲ್ಲಿಯೂ ಬೆರಳೆಣಿಕೆಯ ಮಂದಿ. ಅವರಲ್ಲಿ ಗುರುಶಿಷ್ಯ ಸಂಪ್ರದಾಯದಂತಹ ಒಂದು ನಂಟು ಇದೆ. 216 ಗೆಲವುಗಳ ಚಾರ್ಲಿ ಹಫ್ ಎಂಬ ಹಿರಿಯನು ಆತನಿಗೆ ಹಿಡಿತವನ್ನು ತಿದ್ದಿಕೊಟ್ಟನು. ಒಂದು ಬಾಗಿಲ ಚೌಕಟ್ಟಿನಲ್ಲಿ ನಿಂತಿರುವೆನೆಂದು ಭಾವಿಸಿಕೊಂಡು, ಮೈ ಯಾವ ಕಡೆಗೂ ತಾಗದಂತೆ ಎಸೆಯಬೇಕೆಂದು ಕಲಿಸಿದನು. 318 ಗೆಲವುಗಳ ಫಿಲ್ ನೀಕ್ರೋ ಸಲಹೆ ಕೊಟ್ಟನು. ಟಿಮ್ ವೇಕ್‌ಫೀಲ್ಡನಾದರೋ ಆಗ ಎದುರು ತಂಡದಲ್ಲಿ ಆಡುತ್ತಿದ್ದವನು. ಆದರೂ ಡಿಕಿಗೆ ತನ್ನ ವಿದ್ಯೆಯನ್ನು ಬಿಚ್ಚಿ ತೋರಿಸಿದನು. ಆ ವೇಕ್‌ಫೀಲ್ಡನೂ 2004ರಲ್ಲಿ ಅದೇ ಡೆಟ್ರಾಯಿಟ್ ತಂಡಕ್ಕೆ ಒಂದು ಪಂದ್ಯದಲ್ಲಿ ಆರು ಹೋಮ್ ರನ್ನುಗಳನ್ನು ಕೊಟ್ಟಿದ್ದವನೇ. ಗುಟ್ಟನ್ನು ಬಚ್ಚಿಟ್ಟುಕೊಂಡರೆ ಲಾಭವಾಗುವ ವೃತ್ತಿಯಲ್ಲಿ, ವಿದ್ಯೆಯು ಅಳಿಯದಿರಲೆಂದು ಎದುರಾಳಿಗೂ ಕಲಿಸುವ ಹಿರಿಯರಿದ್ದರೆಂಬುದು ಸಣ್ಣ ಮಾತಲ್ಲ.

ಆದರೆ ಏರುವ ದಾರಿ ಇನ್ನೂ ನೇರವಾಗಿರಲಿಲ್ಲ. 2008ರಲ್ಲಿ ಸಿಯಾಟಲ್ ತಂಡ, 2009ರಲ್ಲಿ ಮಿನೆಸೋಟ ತಂಡ, ಎರಡರಲ್ಲಿಯೂ ನೆಲೆಯಿಲ್ಲ. 2010ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡದವರು ಮೈನರ್ ಲೀಗಿನ ಕರಾರಿನ ಮೇಲೆ ಸೇರಿಸಿಕೊಂಡರು. ವಸಂತದ ತಾಲೀಮಿನಲ್ಲಿ ಮೇಲಣ ಶಿಬಿರದಿಂದ ಮೊಟ್ಟಮೊದಲು ಹೊರಗೆ ಕಳುಹಿಸಿದುದು ಆತನನ್ನೇ. ಬಫಲೋ ನಗರದ ತಂಡಕ್ಕೆ ಹೋದನು. ಏಪ್ರಿಲ್ 29ರಂದು ಅಲ್ಲಿ ಒಂದು ಪಂದ್ಯ. ಮೊದಲನೆಯ ದಾಂಡಿಗನು ಚೆಂಡನ್ನು ಹೊಡೆದು ಮೊದಲ ನೆಲೆಯನ್ನು ಸೇರಿದನು. ಅನಂತರ ಬಂದವರು ಇಪ್ಪತ್ತೇಳು ಮಂದಿ. ಇಪ್ಪತ್ತೇಳು ಮಂದಿಯೂ ಒಬ್ಬರ ಹಿಂದೆ ಒಬ್ಬರಾಗಿ ಔಟಾದರು. ಮೂರು ವಾರ ಕಳೆಯುವುದರೊಳಗಾಗಿ, ಮೇ 19ರಂದು, ಆತನು ಮೆಟ್ಸ್ ತಂಡದ ಪರವಾಗಿ ದಿಬ್ಬದ ಮೇಲೆ ನಿಂತಿದ್ದನು. ಆ ವರ್ಷ 11 ಗೆಲವುಗಳು. ಮುಂದೆ ಆತನು ಮೈನರ್ ಲೀಗಿನ ಮೆಟ್ಟಿಲಿಗೆ ಹಿಂದಿರುಗಬೇಕಾಗಲಿಲ್ಲ.

ಬಳಿಕ ಬಂದುದು 2012. ಆತನ ಗೆಣ್ಣಿನ ಚೆಂಡು ಹಿಂದಿನವರದಕ್ಕಿಂತ ಬೇರೆ. ಅವರದು ಗಂಟೆಗೆ ಅರವತ್ತೈದು ಮೈಲಿಯ ಸುಮಾರಿನಲ್ಲಿ ತೇಲಿಬರುತ್ತಿದ್ದರೆ ಈತನದು ಎಪ್ಪತ್ತೇಳು ಎಪ್ಪತ್ತೆಂಟರಲ್ಲಿ ನುಗ್ಗಿಬರುತ್ತಿತ್ತು. ಹಿಂದೆ ಬಿಟ್ಟುಕೊಟ್ಟಿದ್ದ ಬಿರುಸು, ಪಳಗಿದ ಮೇಲೆ, ಬೇರೊಂದು ದಾರಿಯಿಂದ ಸೇವೆಗೆ ಬಂದಂತಾಯಿತು. ಜೂನ್ 13ರಂದೂ 18ರಂದೂ, ಬೆನ್ನುಬೆನ್ನಿಗೆ ಆಡಿದ ಎರಡು ಪಂದ್ಯಗಳಲ್ಲಿ, ಎದುರಾಳಿಗಳಿಗೆ ತಲಾ ಒಂದೇ ಹೊಡೆತಕ್ಕೆ ಅವಕಾಶ ಕೊಟ್ಟನು. ಋತುವಿನ ಕೊನೆಗೆ 20 ಗೆಲವು, 6 ಸೋಲು. ಮೂರು ಸ್ಟ್ರೈಕುಗಳಿಂದ ಔಟಾದ ದಾಂಡಿಗರು 230. ಆತನ ತಂಡವು ಆ ವರ್ಷ 74 ಪಂದ್ಯಗಳನ್ನು ಗೆದ್ದು 88ನ್ನು ಸೋತಿತ್ತೆಂಬುದನ್ನು ನೆನೆದರೆ ಈ ಇಪ್ಪತ್ತರ ತೂಕ ತಿಳಿಯುತ್ತದೆ. ನವೆಂಬರಿನಲ್ಲಿ, ವರ್ಷದ ಶ್ರೇಷ್ಠ ಪಿಚ್ಚರನಿಗೆ ಕೊಡುವ ಸೈ ಯಂಗ್ ಪಾರಿತೋಷಕಕ್ಕಾಗಿ ಮತ ಹಾಕಿದ 32 ಮಂದಿಯಲ್ಲಿ 27 ಮಂದಿ ಆತನಿಗೆ ಮೊದಲ ಸ್ಥಾನವನ್ನು ಕೊಟ್ಟರು. 1956ರಲ್ಲಿ ಪ್ರಾರಂಭವಾದ ಆ ಪಾರಿತೋಷಕವು ಗೆಣ್ಣಿನ ಚೆಂಡಿನವನಿಗೆ ಸಂದುದು ಅದೇ ಮೊದಲು.

ಈ ಕಥೆಯ ಒಂದು ಎಳೆ ನಮ್ಮ ದೇಶವನ್ನು ಮುಟ್ಟುತ್ತದೆ. 2012ರ ಜನವರಿಯಲ್ಲಿ, ಆ ಮಹಾಋತುವಿಗೆ ಕೆಲವೇ ತಿಂಗಳು ಮುಂಚೆ, ಡಿಕಿ ಆಫ್ರಿಕದ ಕಿಲಿಮಂಜಾರೋ ಪರ್ವತವನ್ನು ಏರಿದನು; ಅದರ ಎತ್ತರ 5,895 ಮೀಟರು. ಪೆಟ್ಟಾದರೆ ಆ ವರ್ಷದ ಸಂಬಳವನ್ನು ನಿಲ್ಲಿಸುವ ಹಕ್ಕು ತಮಗುಂಟೆಂದು ತಂಡದವರು ಪತ್ರದ ಮೂಲಕ ಎಚ್ಚರಿಸಿದ್ದರು. ಏರಿದುದು ಮೋಜಿಗಾಗಿಯಲ್ಲ. ಮುಂಬಯಿಯ ಕಾಮಾಟಿಪುರದಲ್ಲಿ ವೇಶ್ಯಾವೃತ್ತಿಗೆ ಮಾರಲ್ಪಟ್ಟ ಹೆಣ್ಣುಮಕ್ಕಳನ್ನು ಬಿಡಿಸುವ ಒಂದು ಸಂಸ್ಥೆಗೆ ಅದರಿಂದ ಹಣ ಕೂಡಿಸುವುದು ಉದ್ದೇಶ. ಕೂಡಿದ ಹಣ ಒಂದು ಲಕ್ಷ ಡಾಲರಿಗೂ ಮೀರಿತು. 2013ರ ಜನವರಿಯಲ್ಲಿ ತನ್ನ ಹೆಣ್ಣುಮಕ್ಕಳನ್ನು ಕರೆದುಕೊಂಡು ಆತನು ಮುಂಬಯಿಗೆ ಬಂದು ಆ ಕೆಲಸವನ್ನು ಕಣ್ಣಾರೆ ಕಂಡನು. ಸಾವಿರಾರು ಮೈಲಿ ದೂರದ ಈ ಸಂಕಟ ಆತನನ್ನು ಏಕೆ ತಟ್ಟಿತು? ಉತ್ತರವು 2012ರಲ್ಲಿ ಪ್ರಕಟವಾದ ಆತನ ಆತ್ಮಕಥೆಯಲ್ಲಿದೆ. ಎಂಟನೆಯ ವಯಸ್ಸಿನಲ್ಲಿ ತಾನು ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದುದನ್ನೂ, ಎರಡು ದಶಕಗಳಿಗೂ ಮೀರಿ ಅದನ್ನು ಯಾರಿಗೂ ಹೇಳದೆ ಒಳಗೇ ಹೊತ್ತಿದ್ದುದನ್ನೂ ಆತನು ಅದರಲ್ಲಿ ಮರೆಮಾಚದೆ ಬರೆದನು. ಬಿಗಿಹಿಡಿದುದನ್ನು ಬಿಡುವುದು ಚೆಂಡಿನ ವಿಷಯದಲ್ಲಿ ಮಾತ್ರವೇ ಆತನು ಕಲಿತ ವಿದ್ಯೆಯಾಗಿರಲಿಲ್ಲ.

ಡಿಕಿ ಮುಂದೆ ಟೊರಾಂಟೊ ತಂಡದಲ್ಲಿ ನಾಲ್ಕು ಋತುಗಳನ್ನು ಆಡಿ, 2017ರಲ್ಲಿ ಅಟ್ಲಾಂಟಾ ತಂಡದೊಡನೆ ಆಟವನ್ನು ಮುಗಿಸಿದನು. ಆಗ ಆತನಿಗೆ ನಲವತ್ತೆರಡು ವರ್ಷ. 120 ಗೆಲವು, 118 ಸೋಲು. ಗೆಲವು ಸೋಲುಗಳು ಹೆಚ್ಚು ಕಡಿಮೆ ಸರಿಸಮ. ಮಹಾವೀರರ ಲೆಕ್ಕಗಳು ಹೀಗಿರುವುದಿಲ್ಲ; ಮನುಷ್ಯರ ಲೆಕ್ಕಗಳು ಹೀಗೆಯೇ ಇರುವುದು.

ಪಟ್ಟು ಹಿಡಿದವನು ಗೆದ್ದೇ ಗೆಲ್ಲುತ್ತಾನೆಂದು ಈ ಕಥೆಯಿಂದ ನೀತಿಯನ್ನು ತೆಗೆಯುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ಅಷ್ಟೇ ಪಟ್ಟು ಹಿಡಿದು, ಅದೇ ಬಸ್ಸುಗಳಲ್ಲಿ ರಾತ್ರಿಗಳನ್ನು ಕಳೆದು, ಮೇಲಣ ಮೆಟ್ಟಿಲನ್ನು ಒಮ್ಮೆಯೂ ಕಾಣದೆ ಮನೆಗೆ ಹಿಂದಿರುಗಿದವರೇ ಮೈನರ್ ಲೀಗಿನಲ್ಲಿ ಹೆಚ್ಚು. ಡಿಕಿ ಒಂಬತ್ತು ವರ್ಷ ಪಟ್ಟು ಹಿಡಿದುದು ವೇಗದ ಚೆಂಡಿನ ಮೇಲೆ. ಅದರಿಂದ ಆತನಿಗೆ ಏನೂ ದಕ್ಕಲಿಲ್ಲ. ಆ ಪಟ್ಟನ್ನು ಬಿಟ್ಟು, ಮೂವತ್ತರ ವಯಸ್ಸಿನಲ್ಲಿ ಹೊಸಬನಂತೆ ಓನಾಮದಿಂದ ತೊಡಗಿದಾಗ ದಾರಿ ತೆರೆಯಿತು. ಹಾಗೆ ತೊಡಗಲು, ತಪ್ಪಲು, ಮತ್ತೆ ತಪ್ಪಲು ಎಡೆ ದೊರೆತುದು ಶಿಖರದ ಬೆಳಕಿನಲ್ಲಿ ಅಲ್ಲ, ಯಾರೂ ಹೆಚ್ಚಾಗಿ ನೋಡದ ಆ ಕೆಳಗಣ ಊರುಗಳಲ್ಲಿ. ವನವಾಸವು ಆತನ ಪಾಲಿಗೆ ಕಾಯುವ ಕಾಲವಾಗಿರಲಿಲ್ಲ, ಕಲಿಯುವ ಕಾಲವಾಗಿತ್ತು.

ಬಾಗಿಲ ಹಿಡಿಯನ್ನೂ ತಿರುಗಿಸಲಾರದೆಂದು ವೈದ್ಯರು ಎಣಿಸಿದ್ದ ಆ ತೋಳು ಹೀಗೆ ಎರಡು ದಶಕಗಳ ಕಾಲ ಚೆಂಡನ್ನೆಸೆಯಿತು. ತಿರುಗದಂತೆ ಎಸೆಯುವುದನ್ನು ಕಲಿತ ಮೇಲೆ ಗೆದ್ದಿತು.